ಮನುಷ್ಯರಿಂದ ಪ್ರಾಣಿಗಳಿಗೆ: ಜ್ವರದ ಇನ್ನೊಂದು ದಾರಿ



ಹಕ್ಕಿಜ್ವರ, ಹಂದಿಜ್ವರ, ನಮ್ಮ ಮಲೆನಾಡಿನ ಮಂಗನ ಕಾಯಿಲೆ. ಈ ಹೆಸರುಗಳನ್ನು ಕೇಳಿದರೆ ರೋಗವೆಲ್ಲ ಪ್ರಾಣಿಗಳಿಂದಲೇ ನಮಗೆ ಬರುತ್ತದೆ ಅನಿಸುತ್ತದೆ, ಅಲ್ಲವೇ? 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಮನುಷ್ಯರಿಗೆ ಅಂಟಿಸುವುದು ಉಣುಗು ಎಂಬ ಸಣ್ಣ ಹುಳ. ಮಂಗಗಳು ಅದೇ ರೋಗದಿಂದ ಸಾಯುತ್ತವೆ. ಆದರೂ ಹೆಸರು ಮಾತ್ರ ಮಂಗನದು! ಇವತ್ತು ಹೇಳುವುದು ಇನ್ನೊಂದು ಮಗ್ಗುಲಿನ ಕಥೆ: ನಮ್ಮಿಂದ ಪ್ರಾಣಿಗಳಿಗೆ ಹೋದ ವೈರಸ್‌ಗಳದ್ದು.

1918ರ ಇನ್‌ಫ್ಲುಯೆಂಜಾ ಭಾರತದಲ್ಲೇ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅದಕ್ಕೆ ಬ್ಯಾಕ್ಟೀರಿಯಾ ಕಾರಣವೆಂದು ಆಗ ಬಹಳ ವೈದ್ಯರು ನಂಬಿದ್ದರು. ಉತ್ತರ ಸಿಕ್ಕಿದ್ದು 1933ರಲ್ಲಿ, ಲಂಡನ್ನಿನ ಮಿಲ್ ಹಿಲ್ ಪ್ರಯೋಗಾಲಯದಲ್ಲಿ. ಅಲ್ಲಿನ ವಿಜ್ಞಾನಿ ಕ್ರಿಸ್ಟೋಫರ್ ಆಂಡ್ರ್ಯೂಸ್ ಅವರಿಗೇ ಫ್ಲೂ ಬಂದಿತ್ತು. ಅವರು ಗಂಟಲು ಮುಕ್ಕಳಿಸಿದ ನೀರನ್ನು ಬ್ಯಾಕ್ಟೀರಿಯಾ ದಾಟದಂಥ ಸೋಸುಕದಲ್ಲಿ ಸೋಸಿ, ಫೆರೆಟ್ ಎಂಬ ಪ್ರಾಣಿಗಳ ಮೂಗಿಗೆ ಹನಿಸಿದರು. ಫೆರೆಟ್‌ಗಳಿಗೆ ಜ್ವರ ಬಂತು, ಸೀನತೊಡಗಿದವು. ಫ್ಲೂಗೆ ಕಾರಣ ವೈರಸ್ ಎಂದು ಗೊತ್ತಾಯಿತು. 1936ರಲ್ಲಿ ಅಲ್ಲಿಯ ಫೆರೆಟ್ ಒಂದು ಚಾರ್ಲ್ಸ್ ಸ್ಟುವರ್ಟ್-ಹ್ಯಾರಿಸ್ ಎಂಬ ವೈದ್ಯರ ಮುಖಕ್ಕೇ ಸೀನಿತು. ಅವರೂ ಫ್ಲೂ ಬಂದು ಮಲಗಿದರು. ದಾರಿ ಎರಡೂ ಕಡೆಗಿದೆ ಎಂಬುದು ಅಂದೇ ತಿಳಿದಿತ್ತು.

ಪ್ರಯೋಗಾಲಯದಲ್ಲಿ ಕಂಡದ್ದು ಮನೆಯಲ್ಲೂ ನಡೆಯಿತು. 2009ರಲ್ಲಿ ಅಮೆರಿಕದ ಅಯೋವಾದಲ್ಲಿ 13 ವರ್ಷದ ಬೆಕ್ಕಿಗೆ ‘ಹಂದಿಜ್ವರ’ ಬಂತು. ಅದು ಹಂದಿಯ ಹತ್ತಿರ ಹೋಗಿರಲಿಲ್ಲ. ಅದಕ್ಕೂ ಮೊದಲು ಮನೆಯ ಮೂವರಲ್ಲಿ ಇಬ್ಬರಿಗೆ ಜ್ವರ ಬಂದಿತ್ತು. ಪುಣ್ಯಕ್ಕೆ ಬೆಕ್ಕು ಚೇತರಿಸಿಕೊಂಡಿತು. 2020ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಕೋವಿಡ್ ಬಂದವರ ಮನೆಗಳ 15 ನಾಯಿಗಳನ್ನು ಪರೀಕ್ಷಿಸಿದಾಗ ಎರಡಕ್ಕೆ ಸೋಂಕು ತಗುಲಿತ್ತು. ಅವುಗಳ ವೈರಸ್ಸಿನ ಜೀನ್ ವಿನ್ಯಾಸ ಆಯಾ ಮನೆಯವರದ್ದಕ್ಕೇ ಹೊಂದುತ್ತಿತ್ತು.

ಬೆಲೆ ತೆತ್ತವರು ಯಾರು? ಡೆನ್ಮಾರ್ಕ್‌ನಲ್ಲಿ ತುಪ್ಪಳಕ್ಕಾಗಿ ಸಾಕುವ ಮಿಂಕ್‌ಗಳಿಗೆ ಕೋವಿಡ್ ಹೋದದ್ದು ಜನರಿಂದ. ಅಲ್ಲಿ ಅದು ರೂಪ ಬದಲಿಸಿ ಮತ್ತೆ ಜನರಿಗೆ ಹರಡಿತು. 2020ರ ನವೆಂಬರ್‌ನಲ್ಲಿ ದೇಶದ ಮಿಂಕ್‌ಗಳನ್ನೆಲ್ಲ ಕೊಲ್ಲಲು ಸರ್ಕಾರ ಆಜ್ಞೆ ಮಾಡಿತು. ಅವುಗಳ ಸಂಖ್ಯೆ ಒಂದೂವರೆ ಕೋಟಿಗೂ ಹೆಚ್ಚು.

ಹಾಗಾಗಿ, ನಿಮಗೆ ಫ್ಲೂ ಅಥವಾ ಕೋವಿಡ್ ಬಂದಾಗ ನಾಯಿಗೆ, ಬೆಕ್ಕಿಗೆ ಊಟ ಹಾಕುವ ಕೆಲಸವನ್ನು ನಾಲ್ಕು ದಿನ ಅಪ್ಪನಿಗೋ ತಂಗಿಗೋ ವಹಿಸಿ. ಮುದ್ದಾಡುವುದು, ಪಕ್ಕದಲ್ಲಿ ಮಲಗಿಸಿಕೊಳ್ಳುವುದು ಆಮೇಲಿರಲಿ. ಬೇರೆ ಯಾರೂ ಇಲ್ಲದಿದ್ದರೆ ಮಾಸ್ಕ್ ಹಾಕಿಕೊಂಡು, ಕೈ ತೊಳೆದುಕೊಂಡು ಹತ್ತಿರ ಹೋಗಿ. ಮನೆಯಲ್ಲಿ ಅಜ್ಜಿಗೆ ಸೋಂಕು ತಗುಲದಿರಲಿ ಎಂದು ದೂರ ಕೂರುತ್ತೇವಲ್ಲ, ಇದೂ ಹಾಗೆಯೇ. ಅಜ್ಜಿಯಾದರೆ ‘ದೂರ ಕೂತ್ಕೋ ಮಗಾ’ ಎಂದು ಬಾಯಿಬಿಟ್ಟು ಹೇಳುತ್ತಾರೆ. ನಾಯಿ ಬಾಲ ಅಲ್ಲಾಡಿಸುತ್ತ ಹತ್ತಿರವೇ ಬರುತ್ತದೆ.