ಮೇಣದ ಮುಖದ ಅರ್ನಾಲ್ಡ್

1987ರ ‘ಪ್ರಿಡೇಟರ್’ ಸಿನಿಮಾದಲ್ಲಿ ಅರ್ನಾಲ್ಡ್ ಶ್ವಾರ್ಜ್‌ನೆಗರ್ ಕಾಡಿನಲ್ಲಿ ಬೆವರು, ಕೆಸರು ಮೆತ್ತಿಕೊಂಡು ಹೋರಾಡುತ್ತಾರೆ. 2010ರಲ್ಲಿ ಬಂದ ಬ್ಲೂ-ರೇ ಡಿಸ್ಕ್‌ನಲ್ಲಿ ಅದೇ ಮುಖ ಮೇಣದ ಬೊಂಬೆಯಷ್ಟು ನುಣುಪು! ಯಾಕೆ ಹೀಗಾಯ್ತು ಅಂತ ನಾವು ಹುಡುಕಿದೆವು.

ಫಿಲ್ಮಿನಲ್ಲಿ ಚಿತ್ರ ಮೂಡುವುದು ಬೆಳ್ಳಿ ಲವಣದ ಸಣ್ಣ ಹರಳುಗಳಿಂದ. ಪರದೆಯ ಮೇಲೆ ಮರಳಿನಂತೆ ಕಾಣುವ ಕಣಗಳು ಅದರ ಗುರುತು. 2008ರ ಡಿಸ್ಕ್‌ನಲ್ಲಿ ಅವು ಎದ್ದು ಕಾಣುತ್ತಿದ್ದವು. 2010ರಲ್ಲಿ ಕಂಪ್ಯೂಟರ್‌ನಿಂದ ಒರೆಸಿದರು. ಕಣ ಯಾವುದು, ಚರ್ಮದ ಗೆರೆ ಯಾವುದು ಎಂಬುದು ಯಂತ್ರಕ್ಕೆ ತಿಳಿಯಲಿಲ್ಲ, ಎರಡೂ ಹೋದವು.

ಪುಣ್ಯಕ್ಕೆ ಮೂಲ ಫಿಲ್ಮ್ ಉಳಿದಿತ್ತು. 2018ರ 4ಕೆ ಡಿಸ್ಕ್‌ನಲ್ಲಿ ಕಣಗಳೂ ಬೆವರೂ ಮರಳಿದವು.

ಫೋನಿನಲ್ಲಿ ಹಳೇ ಸಿನಿಮಾ ನೋಡುವ ನಾವೂ ನೆನಪಿಡೋಣ: ಕಣ ಕೊಳೆಯಲ್ಲ. ಒರೆಸಿದ ಮೇಲೆ ಮೂಲವನ್ನೂ ಎಸೆದರೆ, ಆ ಮುಖ ಮತ್ತೆ ಸಿಗದು.