ಜಕಾರ್ತದಲ್ಲಿ ಬಿಸಿಲು, ಆದರೂ ನದಿಯಲ್ಲಿ ಪ್ರವಾಹ: ಯಾರೋ ಗೇಟ್ ತೆಗೆದಿದ್ದಾರಾ?

ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿರುವ ಜಕಾರ್ತ ನಗರದಲ್ಲಿ ಕೆಲವೊಮ್ಮೆ ಮಳೆಯೇ ಬಂದಿರುವುದಿಲ್ಲ. ಆದರೂ ಚಿಲಿವುಂಗ್ ನದಿ ಉಕ್ಕಿ ಮನೆಗಳಿಗೆ ನೀರು ನುಗ್ಗುತ್ತದೆ. ಆಗೆಲ್ಲ 'ಮೇಲಿನ ಬೋಗೋರ್‌ನಲ್ಲಿ ಗೇಟ್ ತೆಗೆದು ನೀರು ಬಿಟ್ಟರು' ಎಂಬ ಮಾತು ಹಬ್ಬುವುದುಂಟು. ಇದು ನಿಜವೇ?

ನಿಜವಲ್ಲ. ಉತ್ತರ ಇರುವುದು ಬೆಟ್ಟ ಮತ್ತು ಬಿಸಿಲಿನಲ್ಲಿ.

ಬೆಟ್ಟ ಮೋಡವನ್ನು ಎಳೆಯುತ್ತದೆಯೇ?

ಇಲ್ಲ. ಬೆಟ್ಟ ಗಾಳಿಯನ್ನು ಮೇಲಕ್ಕೆ ಹತ್ತಿಸುತ್ತದೆ, ಅಷ್ಟೇ. ಮೇಲೇರಿದ ತೇವದ ಗಾಳಿ ತಣ್ಣಗಾಗುತ್ತದೆ, ಅದರಲ್ಲಿರುವ ಆವಿ ಹನಿಯಾಗಿ ಮೋಡ ಕಟ್ಟುತ್ತದೆ. ಜಕಾರ್ತದಿಂದ ಸುಮಾರು 50 ಕಿ.ಮೀ. ದಕ್ಷಿಣಕ್ಕಿರುವ ಬೋಗೋರ್ ಪಟ್ಟಣದ ಬೆನ್ನಿಗೆ ಸಲಕ್ ಪರ್ವತವಿದೆ (2,211 ಮೀಟರ್). ಪಕ್ಕದಲ್ಲಿ ಇನ್ನೂ ಎತ್ತರದ ಪಂಗ್ರಂಗೊ ಇದೆ (3,019 ಮೀಟರ್). ಕರಾವಳಿಯ ಜಕಾರ್ತಕ್ಕಿಂತ ಬೋಗೋರ್‌ನಲ್ಲಿ ಮಳೆ ಬಹಳ ಹೆಚ್ಚು. ಅಲ್ಲಿನವರು ಅದನ್ನು 'ಮಳೆಯ ನಗರ' ಎಂದೇ ಕರೆಯುತ್ತಾರೆ.

ಮಧ್ಯಾಹ್ನದ ನಂತರವೇ ಮಳೆ ಏಕೆ?

ಬೆಳಗಿನ ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ಸಮುದ್ರ ಅಷ್ಟು ಬೇಗ ಕಾಯುವುದಿಲ್ಲ. ನೆಲದ ಮೇಲಿನ ಬಿಸಿಗಾಳಿ ಮೇಲೇರಿದಾಗ ಆ ಜಾಗಕ್ಕೆ ಕಡಲ ಕಡೆಯಿಂದ ತೇವದ ಗಾಳಿ ಬರುತ್ತದೆ. ಅದು ಒಳನಾಡು ದಾಟಿ ಬೆಟ್ಟದ ಇಳಿಜಾರು ಹತ್ತುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ. ಹಾಗಾಗಿ ಸಂಜೆಯ ಹೊತ್ತಿಗೆ ಗುಡುಗು ಸಹಿತ ಮಳೆ.

ರಾತ್ರಿ ಇದು ತಿರುವುಮುರುವು. ನೆಲ ಬೇಗ ತಣಿಯುತ್ತದೆ, ಗಾಳಿ ಕಡಲಿನತ್ತ ಬೀಸುತ್ತದೆ, ನಸುಕಿನಲ್ಲಿ ಕರಾವಳಿಯಾಚೆ ಸಮುದ್ರದ ಮೇಲೆ ಮಳೆಯಾಗುತ್ತದೆ.

ಹಾಗಾದರೆ ಗೇಟ್ ಕಥೆ?

ಬೋಗೋರ್ ಬಳಿ ಚಿಲಿವುಂಗ್ ನದಿಗೆ ಕಟುಲಂಪಾ ಎಂಬ ಒಡ್ಡು ಇದೆ. ಡಚ್ಚರ ಕಾಲದಲ್ಲಿ ನೀರಾವರಿಗೆಂದು ಕಟ್ಟಿದ್ದು. ಪ್ರವಾಹದ ನೀರನ್ನು ಹಿಡಿದಿಟ್ಟುಕೊಳ್ಳುವ ಜಲಾಶಯ ಅದಲ್ಲ. ಹಿಡಿದಿಡದ ನೀರನ್ನು ಬಿಡುವುದು ಹೇಗೆ? ಅಲ್ಲಿ ನೀರಿನ ಮಟ್ಟ ಅಳೆದು ಜಕಾರ್ತಕ್ಕೆ ಎಚ್ಚರಿಕೆ ಕೊಡುತ್ತಾರೆ. ಸಂಜೆ ಬೆಟ್ಟದಲ್ಲಿ ಬಿದ್ದ ಮಳೆ ನಗರ ತಲುಪಲು ಹಲವು ಗಂಟೆ ಬೇಕು. ಜನ ಮನೆ ಖಾಲಿ ಮಾಡಲು ಸಿಗುವುದು ಆ ಸಮಯವೇ. ಗೇಟ್ ತೆಗೆದವರು ಯಾರೆಂದು ಹುಡುಕುತ್ತಾ ಕೂತರೆ ಅದೂ ಕೈತಪ್ಪುತ್ತದೆ.

ಎಲ್ಲ ಪ್ರವಾಹವೂ ಬೆಟ್ಟದಿಂದಲೇ ಬರುತ್ತದೆ ಎಂದಲ್ಲ. 2020ರ ಜನವರಿ 1ರಂದು ಜಕಾರ್ತದ ಹಲೀಮ್‌ನಲ್ಲೇ ಒಂದು ದಿನದಲ್ಲಿ 377 ಮಿ.ಮೀ. ಮಳೆ ದಾಖಲಾಯಿತು.

ನೆನಪಿಡಿ

ತಲೆ ಮೇಲೆ ಬಿಸಿಲಿದೆ ಎಂದರೆ ನದಿ ಸುರಕ್ಷಿತ ಎಂದರ್ಥವಲ್ಲ. ಮೇಲೆ ಎಲ್ಲಿ ಮಳೆಯಾಗಿದೆ, ಎಷ್ಟು ಹೊತ್ತಿಗೆ ಆಗಿದೆ ಎಂಬುದೇ ಮುಖ್ಯ. ನಮ್ಮ ಪಶ್ಚಿಮ ಘಟ್ಟದ ಹಳ್ಳ, ಜಲಪಾತಗಳಿಗೂ ಈ ಮಾತು ಅನ್ವಯಿಸುತ್ತದೆ. 'ಗೇಟ್ ತೆಗೆದರು' ಎಂಬ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮೊದಲು ಅಲ್ಲಿರುವುದು ಜಲಾಶಯವೋ, ಬರೀ ಒಡ್ಡೋ ಎಂದು ನೋಡಿ.