ಕರು ಚೀಪುವವರೆಗೆ ಹಸು ಬೆದೆಗೆ ಬರಲ್ಲ: ಕಾವಲು ಹೇಳುವ ಕತೆ, ಬಾಣಂತಿಗೂ ಬೇಕಾದ ಮಾತು

ಹೊಸದುರ್ಗದಿಂದ ಅಜ್ಜಂಪುರದ ಕಡೆ ಹೋಗಿ, ಹಿರಿಯೂರು, ಚಳ್ಳಕೆರೆ ಕಡೆ ತಿರುಗಾಡಿ, 'ಕಾವಲು' ಎನ್ನುವ ಹೆಸರು ಇನ್ನೂ ಜನರ ಬಾಯಲ್ಲಿದೆ. ಈಗ ಎಷ್ಟೋ ಕಡೆ ಹುಲ್ಲೂ ಇಲ್ಲ, ದನವೂ ಇಲ್ಲ. ಅಮೃತಮಹಲ್ ದನಗಳಿಗೆಂದೇ ಬಿಟ್ಟ ನೆಲ ಅದು.

1672ರಿಂದ 1704ರವರೆಗೆ ಮೈಸೂರು ಆಳಿದ ಚಿಕ್ಕದೇವರಾಜ ಒಡೆಯರು ಈ ಹಿಂಡಿಗೆ 'ಬೆಣ್ಣೆ ಚಾವಡಿ' ಎಂಬ ಇಲಾಖೆ ಕಟ್ಟಿದರು. ಅರಮನೆಗೆ ಹಾಲು, ಬೆಣ್ಣೆ ಬರಬೇಕಿತ್ತು. ಹೈದರಾಲಿ ಕಾಲಕ್ಕೆ ಲೆಕ್ಕವೇ ಬದಲಾಯಿತು. ಅವನಿಗೆ ಬೇಕಿದ್ದದ್ದು ತೋಪು ಎಳೆಯುವ ಎತ್ತು. ಈ ಎತ್ತುಗಳ ಬಲದಿಂದ ಅವನ ದಂಡು ಎರಡೂವರೆ ದಿನದಲ್ಲಿ 100 ಮೈಲಿ ನಡೆಯಿತು ಎಂದು ಬ್ರಿಟಿಷರೇ ಬರೆದಿಟ್ಟಿದ್ದಾರೆ. ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು.

ಗಟ್ಟಿ ಎತ್ತು ಬೇಕೆಂದರೆ ಕರುವಿಗೆ ಹೊಟ್ಟೆ ತುಂಬ ಹಾಲು ಬೇಕು. ಅಮೃತಮಹಲ್ ಹಸು ಮೊದಲೇ ಹೆಚ್ಚು ಹಾಲಿನದಲ್ಲ, ಇದ್ದ ಹಾಲೂ ಕರುವಿನ ಪಾಲು. ಕರು ತಾಯಿಯ ಜೊತೆಗೇ ಮೇಯುತ್ತದೆ, ಬೇಕಾದಾಗ ಚೀಪುತ್ತದೆ. ಹಾಗಾಗಿ ಈ ಹಸು ವರ್ಷಕ್ಕೊಂದು ಕರು ಹಾಕುವುದಿಲ್ಲ. ಒಂದೂವರೆ ವರ್ಷಕ್ಕೊಂದು ಎಂದರೂ ಹೆಚ್ಚೇ. 1860ರಲ್ಲಿ ಬ್ರಿಟಿಷರು ಖರ್ಚು ಉಳಿಸಲು ಹಿಂಡನ್ನೇ ಮಾರಿಬಿಟ್ಟರು. ಆಮೇಲೆ ಒಳ್ಳೆ ಎತ್ತು ಸಿಗದೆ 1866ರಲ್ಲಿ ಮತ್ತೆ ಶುರು ಮಾಡಿದರು. ಇಷ್ಟು ನಿಧಾನ ಹೆರುವ ದನವನ್ನು ಒಮ್ಮೆ ಚದುರಿಸಿದ ಮೇಲೆ ಮತ್ತೆ ಕೂಡಿಸುವುದು ಸಣ್ಣ ಕೆಲಸವೇ?

ಇದನ್ನು ತಳಿಯ ದೋಷ ಎಂದು ಬರೆಯುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಬರಗಾಲದ ಒಣಹುಲ್ಲಿನ ಪಾಲೂ ಇದರಲ್ಲಿದೆ, ನಿಜ. ಆದರೆ ದೊಡ್ಡ ಕಾರಣ ಇರುವುದು ಹಸುವಿನ ತಲೆಯೊಳಗೆ.

ಮೆದುಳಿನ ಬುಡದಲ್ಲಿ ಹೈಪೋಥಲಾಮಸ್ ಎಂಬ ಸಣ್ಣ ಭಾಗವಿದೆ. ಅಲ್ಲಿಂದ ಜಿಎನ್‌ಆರ್‌ಎಚ್ ಎಂಬ ಹಾರ್ಮೋನು ಒಂದೇ ಸಮನೆ ಹರಿಯುವುದಿಲ್ಲ, ನಾಡಿ ಬಡಿದ ಹಾಗೆ ಬಿಟ್ಟುಬಿಟ್ಟು ಬರುತ್ತದೆ. ಆ ಬಡಿತ ಚುರುಕಾಗಿದ್ದರೆ ಅಂಡಾಶಯ ಎಚ್ಚರವಾಗುತ್ತದೆ, ಹಸು ಬೆದೆಗೆ ಬರುತ್ತದೆ. ಕರು ಮೇಲಿಂದ ಮೇಲೆ ಚೀಪುತ್ತಿದ್ದರೆ ಬಡಿತ ಮಂದವಾಗುತ್ತದೆ, ಅಂಡ ಬಿಡುಗಡೆಯಾಗುವುದಿಲ್ಲ. ಈ ಹಾರ್ಮೋನು ಹೇಗಿದೆ ಎಂದು ಗೊತ್ತಾದದ್ದು 1971ರಲ್ಲಿ. ಶಾಲಿ ಹಂದಿಗಳ ಮೆದುಳಿನಿಂದ, ಗಿಲ್ಮಾ ಕುರಿಗಳ ಮೆದುಳಿನಿಂದ, ರಾಶಿ ರಾಶಿ ಚೂರು ಕೂಡಿಸಿ ತೆಗೆದರು. 1977ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನೇ ಬೆದೆಯನ್ನೂ ತಡೆಯುತ್ತದೆ ಎಂದು ಬಹಳ ಕಾಲ ನಂಬಿದ್ದರು. ಹಸುವಿನಲ್ಲಿ ಅದಷ್ಟೇ ಅಲ್ಲ ಎಂದು ಆಮೇಲೆ ಗೊತ್ತಾಯಿತು.

ಅಮೆರಿಕದ ಟೆಕ್ಸಾಸ್‌ನಲ್ಲಿ ಹಸುಗಳ ಮೇಲೆ ನಡೆದ ಪರೀಕ್ಷೆ ನಮ್ಮ ಹಟ್ಟಿಯವರಿಗೆ ಹೊಸದೇನೂ ಅನ್ನಿಸಲಿಕ್ಕಿಲ್ಲ. ಬೇರೆ ಹಸುವಿನ ಕರುವನ್ನು ಬಿಟ್ಟು ಚೀಪಿಸಿದರೆ ಹಸು ಬೇಗ ಬೆದೆಗೆ ಬರುತ್ತದೆ. ತನ್ನದೇ ಕರುವಾದರೆ ತಡ. ಕೆಚ್ಚಲಿನ ನರ ಕತ್ತರಿಸಿದರೂ ತಡ ಆಗಿಯೇ ಆಗುತ್ತದೆ. ಹಸು ಕರುವನ್ನು ನೋಡಿ, ಮೂಸಿ, 'ಇದು ನನ್ನದು' ಎಂದು ಗುರುತಿಸುವುದೇ ಮುಖ್ಯ. ಕರು ಸತ್ತರೆ ಅದರ ಚರ್ಮಕ್ಕೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸಿ ಹಾಲು ಕರೆಯುತ್ತಿದ್ದ ಹಿರಿಯರು ಹಿಡಿದದ್ದು ಈ ವಾಸನೆಯ ಗುಟ್ಟನ್ನೇ.

ಹೆಂಗಸರಲ್ಲಿ ವಾಸನೆಗಿಂತ ಮಗು ಎಷ್ಟು ಸಲ ಕುಡಿಯುತ್ತದೆ ಎನ್ನುವುದು ದೊಡ್ಡದು. ಆಫ್ರಿಕಾದ ಕಲಹಾರಿ ಮರುಭೂಮಿಯ ಕುಂಗ್ ತಾಯಂದಿರು ಗಂಟೆಗೆ ಹಲವು ಸಲ, ಒಂದೆರಡು ನಿಮಿಷವಷ್ಟೇ, ಮಗುವಿಗೆ ಹಾಲೂಡುತ್ತಿದ್ದರು. ಹಾಗೇ ಮೂರ್ನಾಲ್ಕು ವರ್ಷ. ಯಾವ ಮಾತ್ರೆಯೂ ಇಲ್ಲದೆ ಅವರ ಮಕ್ಕಳ ನಡುವೆ ಸುಮಾರು ನಾಲ್ಕು ವರ್ಷದ ಅಂತರ ಇತ್ತು. ಇದನ್ನು 1980ರಲ್ಲಿ ಕಾನರ್, ವರ್ತ್‌ಮನ್ ಎಂಬಿಬ್ಬರು ಪ್ರಕಟಿಸಿದರು.

ನಮ್ಮಲ್ಲೂ 'ಮಗು ಹಾಲು ಕುಡಿಯುವವರೆಗೆ ಬಸಿರಾಗಲ್ಲ' ಎನ್ನುವ ಅಜ್ಜಿಯರಿದ್ದಾರೆ. ಸುಳ್ಳಲ್ಲ, ಆದರೆ ಅರ್ಧ ಮಾತು. 1988ರಲ್ಲಿ ಇಟಲಿಯ ಬೆಲಾಜಿಯೋದಲ್ಲಿ ಸೇರಿದ ತಜ್ಞರು ಉಳಿದರ್ಧ ಹೇಳಿದರು. ಮಗುವಿಗೆ ಆರು ತಿಂಗಳು ತುಂಬಿರಬಾರದು. ಹಗಲೂ ರಾತ್ರಿಯೂ ಎದೆಹಾಲು ಬಿಟ್ಟು ಬಹುತೇಕ ಬೇರೇನೂ ಕೊಡಬಾರದು. ತಾಯಿ ಮುಟ್ಟಾಗಿರಬಾರದು. ಮೂರೂ ಇದ್ದರೆ ನೂರಕ್ಕೆ 98 ಜನ ಬಸಿರಾಗುವುದಿಲ್ಲ. ಒಂದು ತಪ್ಪಿದರೂ ಆ ಲೆಕ್ಕ ನಿಲ್ಲುವುದಿಲ್ಲ.

ತಪ್ಪುವುದು ಎಲ್ಲಿ ಅಂದರೆ, ಕೂಲಿಗೆ ಹೋಗುವ ತಾಯಿ ಬೆಳಿಗ್ಗೆ ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಸಂಜೆ ಬರುತ್ತಾಳೆ. ನಡುವೆ ಬಾಟಲಿ ಹಾಲು. ಎದೆಹಾಲು ಇನ್ನೂ ಇದೆ, ರಾತ್ರಿ ಮಗು ಕುಡಿಯುತ್ತದೆ, ಹಾಗಾಗಿ ಮನೆಯವರಿಗೆ ಧೈರ್ಯ. ಮೆದುಳಿಗೆ ಮಾತ್ರ ಹಗಲಿಡೀ ಸುದ್ದಿ ಇಲ್ಲ. ಹಾರ್ಮೋನಿನ ಬಡಿತ ಮತ್ತೆ ಚುರುಕಾಗುತ್ತದೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಅಂಡ ಮೊದಲು ಬಿಡುಗಡೆಯಾಗುತ್ತದೆ, ಮುಟ್ಟು ಅದಾದ ಸುಮಾರು ಎರಡು ವಾರಕ್ಕೆ. 'ಇನ್ನೂ ಮುಟ್ಟೇ ಆಗಿಲ್ಲ' ಎನ್ನುತ್ತಿರುವಾಗಲೇ ಮತ್ತೆ ಬಸಿರು ನಿಲ್ಲುವುದು ಹೀಗೆ. ರಕ್ತ ಕಡಿಮೆ ಇರುವ ಬಾಣಂತಿಗೆ ವರ್ಷ ತುಂಬುವುದರೊಳಗೆ ಇನ್ನೊಂದು ಬಸಿರೆಂದರೆ ತಾಯಿಗೂ ಅಪಾಯ, ಕೈಗೂಸಿಗೂ ಅಪಾಯ.

ನಮ್ಮ ಚಿತ್ರದುರ್ಗ ಸೇರಿದ್ದ ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಕೊಟ್ಟಿತ್ತು. ಬೇರೆ ಸರ್ಕಾರಗಳು ಆ ಮಾತೆತ್ತಲೂ ಹೆದರುತ್ತಿದ್ದ ಕಾಲ ಅದು. ಈಗ ಅಷ್ಟು ದೂರ ಹೋಗಬೇಕಿಲ್ಲ. ಹೆರಿಗೆಯಾದ ಮೇಲೆ ಮನೆಗೆ ಬರುವ ಆಶಾ ಕಾರ್ಯಕರ್ತೆಯನ್ನು ಮಗುವಿನ ತೂಕದ ಜೊತೆ ಇದನ್ನೂ ಕೇಳಿ. ಹಾಲೂಡುವ ತಾಯಿಗೆ ಆಗುವ ಮಾತ್ರೆ ಬೇರೆ ಇರುತ್ತದೆ, ಕಾಪರ್-ಟಿ ಇದೆ, ಗಂಡನಿಗೆ ನಿರೋಧ್ ಇದೆ. ಬಾಟಲಿ ಹಿಡಿಯುವ ದಿನವೇ ಕೇಳಿ, ಆರು ತಿಂಗಳು ಕಾಯಬೇಡಿ.